ಒಂದೇ ಅಳಿವೆ, ಎರಡು ದಿನ

ಮಸಗುಪ್ಪಿಯಂಥ ಘಟಪ್ರಭಾ ಸೀಮೆಯ ಊರುಗಳಲ್ಲಿ ಕಡಲು ನೋಡಲು ಹೋಗುವ ಮಾತು ಏಳುವುದು ಕಬ್ಬಿನ ಹಂಗಾಮು ಮುಗಿದು, ಕಾರ್ಖಾನೆಯ ಬಿಲ್ಲು ಕೈಗೆ ಬಂದು, ಮಕ್ಕಳಿಗೆ ಸೂಟಿ ಬಿದ್ದ ಮೇಲೆ. ನಾಲ್ಕು ಮನೆಯವರು ಸೇರಿ ಗಾಡಿ ಮಾಡುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ರಾತ್ರಿ ಹೊರಟರೆ ಯರಗಟ್ಟಿ, ಧಾರವಾಡ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವ ಹೊತ್ತಿಗೆ ಬೆಳಗಾಗುತ್ತದೆ. ಆಮೇಲೆ ಶುರುವಾಗುವುದೇ ಓಟ: ಕಾರವಾರ, ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಸಾಧ್ಯವಾದರೆ ಕೊಲ್ಲೂರು. ಒಂದೊಂದು ಊರಿಗೆ ಗಂಟೆ, ಗಂಟೆಯೂವರೆ. ನೀರಿಗಿಳಿದು, ಫೋಟೊ ತೆಗೆಸಿಕೊಂಡು, ಒದ್ದೆ ಬಟ್ಟೆಯಲ್ಲೇ ಗಾಡಿ ಹತ್ತಬೇಕು. ಇಷ್ಟು ದೂರ ಹೋಗುವವರು ಐದು ಊರುಗಳ ಓಟ ಬಿಟ್ಟು, ಹೊಳೆ ಕಡಲು ಸೇರುವ ಒಂದೇ ಅಳಿವೆಯ ಪಕ್ಕ ಎರಡು ದಿನ ನಿಲ್ಲಬೇಕು ಎಂಬುದು ನನ್ನ ವಾದ. ಯಾವ ಅಳಿವೆ ಎಂದು ಕೇಳಿದರೆ ಗೋಕರ್ಣದ ಮಗ್ಗುಲಿನ ಅಘನಾಶಿನಿ ಎನ್ನುತ್ತೇನೆ.

ಮೊದಲ ಕಾರಣ ನೀರೇ. ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ, ಪಶ್ಚಿಮದ ಕಡಲಿಗೆ ಹತ್ತಿರದಲ್ಲೇ. ಆದರೂ ಅದು ಆ ಕಡಲಿಗೆ ಬೆನ್ನು ಮಾಡಿ ಮೂಡಣಕ್ಕೆ ಹರಿದು, ಗೋಕಾಕದಲ್ಲಿ 52 ಮೀಟರ್ ಧುಮುಕಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಡುವೆ ಹಿಡಕಲ್ ಡ್ಯಾಮಿದೆ. ಬೇಸಿಗೆಯಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ, ಇಲ್ಲದಿದ್ದರೆ ಮರಳು. ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿ ಸೀಮೆಯಿಂದ ಇಳಿದು ಬರುವ ಸಿಹಿನೀರು ತದಡಿಯ ಬಳಿ ಕಡಲಿನ ಉಪ್ಪುನೀರನ್ನು ನೇರವಾಗಿ ಎದುರುಗೊಳ್ಳುತ್ತದೆ. ಉಬ್ಬರದಲ್ಲಿ ಕಡಲು ಹೊಳೆಯೊಳಗೆ ನುಗ್ಗುತ್ತದೆ, ಆರು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಇಳಿತಕ್ಕೆ ತಿರುಗುತ್ತದೆ. ಮರುದಿನ ಇದೇ ಆಟ ಸುಮಾರು ಐವತ್ತು ನಿಮಿಷ ತಡವಾಗಿ ನಡೆಯುತ್ತದೆ. ಅಮವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು. ಅಷ್ಟಮಿಯ ಆಸುಪಾಸು ಮಂದ. ಮಣ್ಣೆತ್ತಿನ ಅಮವಾಸ್ಯೆ, ಕಾರಹುಣ್ಣಿಮೆ, ಸೀಗಿಹುಣ್ಣಿಮೆ ಎಂದು ವರ್ಷವನ್ನೇ ಚಂದ್ರನ ಲೆಕ್ಕದಲ್ಲಿ ಹಿಡಿದಿಟ್ಟುಕೊಂಡ ನಮ್ಮ ರೈತರಿಗೆ, ಅದೇ ಚಂದ್ರ ನೀರನ್ನು ಎಳೆದು ಬಿಡುವುದನ್ನು ಕಣ್ಣಾರೆ ಕಾಣುವ ಅವಕಾಶ ಇಲ್ಲಿದೆ. ಗಂಟೆಯೂವರೆ ನಿಂತವರಿಗೆ ಅದು ಕಾಣುವುದಿಲ್ಲ. ಬೆಳಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲೇ ಮಧ್ಯಾಹ್ನ ಹೆಂಗಸರು ಸೊಂಟ ಬಗ್ಗಿಸಿ ಕೆಸರಿನಿಂದ ಬಳಚು ಎಂಬ ಚಿಪ್ಪುಜೀವಿ ಆಯುವುದು ಅಲ್ಲೇ ಉಳಿದವರಿಗೆ ಕಾಣುತ್ತದೆ.

ಎರಡನೆಯ ಕಾರಣ ನಮ್ಮ ಹೊಲಗಳಿಗೆ ಸಂಬಂಧಿಸಿದ್ದು, ನನ್ನ ಮಟ್ಟಿಗೆ ಅದೇ ದೊಡ್ಡದು. ಅಳಿವೆಯ ದಂಡೆಯ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹಾಯಿಸುತ್ತ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿರುವ ನೀರು ಕೊನೆಯ ಪಾತಿಯಲ್ಲಿ ಹರಳುಗಟ್ಟುತ್ತದೆ. ಕೆಲಸದವರು ಉದ್ದ ಕೋಲಿನ ಹಲಗೆಯಿಂದ ಅದನ್ನು ಎಳೆದು ಗುಡ್ಡೆ ಹಾಕುತ್ತಾರೆ. ಕಾಲುವೆಯ ನೀರು ಅತಿಯಾದ ನಮ್ಮ ಎರಿಹೊಲಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಕಬ್ಬಿಗೆಂದು ಮೇಲಿಂದ ಮೇಲೆ ನೀರುಣಿಸಿದಾಗ ಅಂತರ್ಜಲ ಮೇಲೇರುತ್ತದೆ, ಮಣ್ಣೊಳಗಿನ ಲವಣ ನೀರಿನೊಡನೆ ಬರುತ್ತದೆ, ನೀರು ಆರಿ ಲವಣ ಬಿಳಿಯಾಗಿ ಮೇಲೆ ಕೂರುತ್ತದೆ. ಸವಳು-ಜವಳು ಎಂದು ನಾವು ಮರುಗುವ ನೆಲ ತಯಾರಾಗುವುದು ಹೀಗೆ. ಅದೇ ಬಿಸಿಲು ಅಲ್ಲಿ ಬದುಕು ಕೊಡುತ್ತದೆ, ಇಲ್ಲಿ ಹೊಲ ಕೆಡಿಸುತ್ತದೆ. ವ್ಯತ್ಯಾಸವಿರುವುದು ನೀರನ್ನು ಎಲ್ಲಿ, ಎಷ್ಟು ನಿಲ್ಲಿಸಬೇಕೆಂಬ ತಿಳಿವಳಿಕೆಯಲ್ಲಿ. ಆಗರದ ಆಚೆಗೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪು ತಾಳಿಕೊಳ್ಳುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುವ, ಗೊಬ್ಬರ ಕೇಳದ ತಳಿ ಅದು. ಮಳೆಗಾಲದಲ್ಲಿ ಭತ್ತ, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಗ್ಗದ ಬೀಜ ತಂದು ಮಸಗುಪ್ಪಿಯಲ್ಲಿ ಬಿತ್ತಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಸವಳಿಗೆ ಬೇಕಾದದ್ದು ಬಸಿಗಾಲುವೆ ಮತ್ತು ಹಿಡಿತದ ನೀರು. ಆದರೆ ಉಪ್ಪಿನ ಜೊತೆ ಲೆಕ್ಕವಿಟ್ಟು ಬದುಕಿದ ಬೇಸಾಯವನ್ನು ಒಮ್ಮೆ ನೋಡಿದ ರೈತ, ತನ್ನ ಹೊಲಕ್ಕೆ ಬಿಡುವ ನೀರಿನ ಬಗ್ಗೆ ಬೇರೆ ರೀತಿ ಯೋಚಿಸಬಲ್ಲ.

ವರ್ಷವಿಡೀ ದುಡಿದವರು ದಣಿವಾರಿಸಿಕೊಳ್ಳಲು ಹೋಗುತ್ತಾರೆ, ಅಲ್ಲಿಯೂ ಪಾಠ ಏಕೆ ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಮಾತು. ಆದರೆ ಎರಡು ದಿನದಲ್ಲಿ ಐದು ಊರು ಸುತ್ತಿ ಸೀಟಿನಲ್ಲಿ ಕುತ್ತಿಗೆ ನೋಯಿಸಿಕೊಂಡು ಮರಳುವುದಕ್ಕೆ ವಿಶ್ರಾಂತಿ ಎನ್ನಲು ಬರುವುದಿಲ್ಲ. ಒಂದೇ ಕಡೆ ಉಳಿದರೆ ಮುದುಕರು ನೆರಳಿನಲ್ಲಿ ಕೂರುತ್ತಾರೆ, ಅಡುಗೆ ಮಾಡುವವರಿಗೂ ಬಿಡುವು ಸಿಗುತ್ತದೆ. ತದಡಿಯಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿ ಬರುವುದೇ ಮಕ್ಕಳಿಗೆ ಹಬ್ಬ. ದೇವರ ದರ್ಶನ ತಪ್ಪುತ್ತದಲ್ಲ ಎನ್ನುವವರಿಗೆ ಗೋಕರ್ಣದ ಮಹಾಬಲೇಶ್ವರ ಪಕ್ಕದಲ್ಲೇ ಇದ್ದಾನೆ. ಸಾಲಿನಲ್ಲಿ ಅವಸರಪಡದೆ ನಿಲ್ಲುವುದೂ ಭಕ್ತಿಗೆ ಒಳ್ಳೆಯದೇ. ಮೀನು ಮುಟ್ಟದ ಮನೆಗಳವರಿಗೆ ಉಪ್ಪಿನ ಆಗರ, ಕಗ್ಗದ ಗದ್ದೆ ಸಾಕಷ್ಟಾಯಿತು. ಬರುವ ದಾರಿಯ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನು ಆಗರದ ಮುಂದೆ ನಿಂತು ಹೇಳಿದರೆ ಶಾಲೆಯ ಪುಸ್ತಕದ ಪಾಠ ಮಕ್ಕಳ ಕೈಗೇ ಸಿಕ್ಕಂತಾಗುತ್ತದೆ.

ಕಡಲಿಗೆ ಹೋಗಿ ನೀರಿಗಿಳಿಯದೆ ಬರುವುದೇ ಎಂಬುದು ಮಕ್ಕಳ ಆಕ್ಷೇಪ, ಎಲ್ಲಕ್ಕಿಂತ ಗಟ್ಟಿಯಾದದ್ದು. ಇಳಿಯಲಿ, ಆದರೆ ತಿಳಿದು ಇಳಿಯಲಿ. ಹೊಳೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ನೀರಿನ ಭಯ ಕಡಿಮೆ, ಅಪಾಯವಿರುವುದೇ ಅಲ್ಲಿ. ದಡಕ್ಕೆ ಬಂದ ಅಲೆಯ ನೀರು ಕಿರಿದಾದ ದಾರಿ ಹಿಡಿದು ಕಡಲಿಗೆ ಹಿಂದಿರುಗುವಾಗ ನುರಿತ ಈಜುಗಾರನನ್ನೂ ಎಳೆದೊಯ್ಯುತ್ತದೆ. ಅದರ ವಿರುದ್ಧ ದಡದತ್ತ ಈಜಿದರೆ ಸೋಲು ಖಚಿತ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಿದ್ದ ಮೇಲೆ ದಡದತ್ತ ತಿರುಗಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಬಯಲುಸೀಮೆಯ ಪ್ರತಿ ಪಾಲಕರೂ ಅದನ್ನು ನೆನಪಿಡಬೇಕು. ಹೊಸ ದಂಡೆಗೆ ಹೋದ ಕೂಡಲೇ, ಹೊರಡುವ ಅವಸರದಲ್ಲಿ ನೀರಿಗಿಳಿಯುವವರಿಗೆ ಆ ದಂಡೆಯ ಗುಣ ಗೊತ್ತಿರುವುದಿಲ್ಲ. ಒಂದು ದಿನ ಅಲ್ಲೇ ಇದ್ದು, ಲೈಫ್‌ಗಾರ್ಡ್‌ಗಳನ್ನೂ ಮೀನುಗಾರರನ್ನೂ ಎಲ್ಲಿ ಇಳಿಯಬಹುದೆಂದು ಕೇಳಿದವರಿಗೆ ಗೊತ್ತಿರುತ್ತದೆ. ನಿಧಾನ ಇಲ್ಲಿ ಜೀವ ಉಳಿಸುತ್ತದೆ.

ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಗೌರವ ಉಳಿಯಬೇಕಾದರೆ ಅದರ ಬೆಲೆ ಅರಿತ ಜನ ಕರಾವಳಿಯಲ್ಲಷ್ಟೇ ಇದ್ದರೆ ಸಾಲದು, ಘಟ್ಟದ ಮೇಲೆಯೂ ಇರಬೇಕು. ಬರುವ ಸೂಟಿಯಲ್ಲಿ ಗಾಡಿ ಗೊತ್ತು ಮಾಡುವಾಗಲೇ ಊರುಗಳ ಪಟ್ಟಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಪಂಚಾಂಗ ತೆಗೆದು ಅಮವಾಸ್ಯೆ ಯಾವ ದಿನ ಎಂದು ನೋಡಿಕೊಳ್ಳಿ. ಕಡಲಿನವರು ಉಪ್ಪುನೀರನ್ನು ಕಟ್ಟು ಕಟ್ಟಿ, ಕಾದು, ಅಳತೆಗೆ ತಂದು ಅನ್ನ ಮಾಡಿಕೊಂಡಿದ್ದಾರೆ. ಸಿಹಿನೀರು ಸಿಕ್ಕ ನಾವು ಅದನ್ನು ಅಳತೆಯಿಲ್ಲದೆ ಹರಿಸಿ ನೆಲವನ್ನು ಉಪ್ಪು ಮಾಡಿಕೊಳ್ಳುತ್ತಿದ್ದೇವೆ. ಇದನ್ನು ಅರಿತು ಬಂದ ಒಂದು ಪ್ರವಾಸ ಐದು ಊರುಗಳ ಓಟಕ್ಕಿಂತ ನಮಗೆ ಹೆಚ್ಚು ಕೊಡುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.