ಗುಡ್ಡದ ಮೇಲೆ ಒಬ್ಬರ ಹಿಂದೊಬ್ಬರು

ಗುಂಪು ಕಟ್ಟಿಕೊಂಡು ಕಡಲಿಗೆ ಹೋದವರು ಕಡಲನ್ನು ನೋಡುವುದಿಲ್ಲ ಎಂಬುದು ನನ್ನ ಹಳೆಯ ಗುಮಾನಿ. ಅಲೆ ಕಾಲು ತೊಳೆಯುತ್ತಿದ್ದರೂ ಬಾಯಲ್ಲಿ ಊರ ರಾಜಕೀಯವೇ. ಗೋಕರ್ಣದ ಗುಡ್ಡಗಳಿಗೆ ಮಾತ್ರ ಈ ರೋಗದ ಮದ್ದು ಗೊತ್ತಿದೆ.

ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಒಂದು ದಂಡೆಗೂ ಇನ್ನೊಂದಕ್ಕೂ ನಡುವೆ ಒಂದೊಂದು ಗುಡ್ಡ ಸಮುದ್ರದೊಳಕ್ಕೆ ಮೂಗು ತೂರಿಸಿ ಕೂತಿದೆ. ಮರಳಿನಲ್ಲಾದರೆ ಹತ್ತು ಜನ ಹೆಗಲಿಗೆ ಹೆಗಲು ತಾಗಿಸಿ ಹರಟುತ್ತ ಹೋಗಬಹುದು. ಗುಡ್ಡದ ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರೇ. ಮುಂದಿನವರ ಬೆನ್ನಿಗೆ ಎಷ್ಟು ಹೊತ್ತು ಭಾಷಣ ಮಾಡುತ್ತೀರಿ? ಕುಡ್ಲೆಯಲ್ಲಿ ಚುನಾವಣೆಯ ಲೆಕ್ಕ ಶುರುಮಾಡಿದ್ದ ನಮ್ಮ ಭಾವ, ಅರ್ಧ ಏರು ಹತ್ತುವಷ್ಟರಲ್ಲಿ ಫಲಿತಾಂಶವನ್ನೇ ಕೈಬಿಟ್ಟರು.

ಇಲ್ಲಿ ಬೆಳಗ್ಗೆಯೇ ನಡೆಯಬೇಕು. ಸೂರ್ಯ ಘಟ್ಟದ ಕಡೆಯಿಂದ ಮೇಲೆ ಬರುವುದರಿಂದ ಗುಡ್ಡದ ಪಡುಮೈ ಸುಮಾರು ಹೊತ್ತು ನೆರಳಲ್ಲೇ ಇರುತ್ತದೆ. ರಾತ್ರಿ ನೆಲ ನೀರಿಗಿಂತ ಬೇಗ ತಣಿಯುತ್ತದಲ್ಲ, ಹಾಗಾಗಿ ಗಾಳಿಯೂ ಆಗ ನೆಲದಿಂದ ಕಡಲಿಗೆ ಬೀಸುತ್ತದೆ. ಹಾಯಿದೋಣಿಯ ಕಾಲದಲ್ಲಿ ಮೀನಿಗೆ ಹೊರಡುವವರು ನೆಚ್ಚಿಕೊಂಡಿದ್ದದ್ದು ಈ ಗಾಳಿಯನ್ನೇ. ಬಿಸಿಲೇರಿತೆಂದರೆ ಗಾಳಿ ದಿಕ್ಕು ಬದಲಿಸುತ್ತದೆ, ಕಾಲಡಿಯ ಚಿರೆಕಲ್ಲು ಕಾದು ಕೆಂಡವಾಗುತ್ತದೆ.

ಈ ಚಿರೆಕಲ್ಲಿನದೇ ಒಂದು ಕಥೆ. ಮಳೆ ಮತ್ತು ಸೆಕೆ ಸೇರಿ ಬಂಡೆಯಲ್ಲಿ ಕರಗುವುದನ್ನೆಲ್ಲ ತೊಳೆದೊಯ್ದ ಮೇಲೆ ಕಬ್ಬಿಣ, ಅಲ್ಯುಮಿನಿಯಂ ಉಳಿದು ಆದ ಕಲ್ಲಿದು, ಇದರ ಕೆಂಪು ಬಣ್ಣ ಆ ಕಬ್ಬಿಣದ್ದು. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಈ ಸೀಮೆಯ ಮನೆಗೋಡೆ, ಬಾವಿ, ಪಾಗಾರ, ತುಸು ದೂರದಲ್ಲಿರುವ ಮಿರ್ಜಾನ ಕೋಟೆ, ಎಲ್ಲ ಇದರಿಂದಲೇ ಎದ್ದವು.

ಓಂ ದಂಡೆಯ ಮರಳಲ್ಲಿ ನಿಂತವರಿಗೆ ಓಂ ಕಾಣುವುದಿಲ್ಲ. ಎರಡು ಬಾಗು, ನಡುವೆ ಮುಂದೆ ಚಾಚಿದ ಬಂಡೆ, ಇದೆಲ್ಲ ಗುಡ್ಡ ಏರಿದವರಿಗಷ್ಟೇ. ಅಲ್ಲಿ ನಮ್ಮ ಸಾಲು ತಾನಾಗಿ ನಿಂತಿತು. ಯಾರೂ ಮಾತಾಡಲಿಲ್ಲ. ಭಾವ ಕಡಲನ್ನೇ ನೋಡಿದರು, ನಿಜವಾಗಿಯೂ ನೋಡಿದರು. ಆಮೇಲೆ ಕೇಳಿದರು: "ಕೆಳಗೆ ಚಾ ಸಿಗ್ತದೇನೋ?"

ಹಾಫ್ ಮೂನ್ ದಾಟಿದ ಮೇಲೆ ಬಂಡೆಗಳ ಮೇಲೆ ಕೈಯೂರಿ ಇಳಿಯಬೇಕು. ಪ್ಯಾರಡೈಸಿನ ಆಚೆ ಬೇಲೆಕಾನ, ಅದರಾಚೆ ಅಘನಾಶಿನಿ ಕಡಲು ಸೇರುವ ತದಡಿ.

ದೋಣಿ ಹತ್ತಿದರೆ ಇಷ್ಟೂ ದಂಡೆಗಳನ್ನು ಕೂತಲ್ಲೇ ಮುಗಿಸಬಹುದು. ಗುಡ್ಡ ಮಾತ್ರ ತಪ್ಪಿಹೋಗುತ್ತದೆ. ಮಳೆಗಾಲದಲ್ಲಿ ಈ ದಾರಿ ಬೇಡ, ಪಾಚಿಗಟ್ಟಿದ ಕಲ್ಲು ಜಾರುತ್ತದೆ. ದೀಪಾವಳಿ ಕಳೆದ ಮೇಲೆ ಬನ್ನಿ. ನೀರಿನ ಬಾಟಲಿ ತನ್ನಿ, ಖಾಲಿಯಾದದ್ದನ್ನು ಚೀಲಕ್ಕೇ ಹಾಕಿಕೊಂಡು ಹೋಗಿ.