ವೇತನವೂ ವಯಸ್ಸೂ

ಹೆಂಗಸಿನ ವಯಸ್ಸನ್ನೂ ಗಂಡಸಿನ ಸಂಬಳವನ್ನೂ ಕೇಳಬಾರದೆಂದು ಲೋಕದಲ್ಲಿ ಒಂದು ಮಾತು ರೂಢವಾಗಿರುವುದು. ವಯಸ್ಸು ಸಂಬಳಗಳೆರಡನ್ನೂ ಹಿರಿಯರು ಒಂದೇ ನೊಗಕ್ಕೆ ಕಟ್ಟಿದುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಎರಡೂ ಸಂಖ್ಯೆಗಳೇ, ಎರಡೂ ಮನುಷ್ಯನು ಮರೆಸಿಡಲು ಯತ್ನಿಸುವಂಥವೇ. ಒಂದನ್ನು ಕೇಳಿದವರು ಮತ್ತೊಂದನ್ನೂ ಕೇಳಿ, ಎರಡನ್ನೂ ಮನಸ್ಸಿನಲ್ಲಿಯೇ ತಾಳೆನೋಡದೆ ಬಿಡುವುದಿಲ್ಲ. ಇಷ್ಟು ವಯಸ್ಸಿಗೆ, ಇಂಥ ಕೆಲಸಕ್ಕೆ, ಇಷ್ಟು ಸಂಬಳವು ನ್ಯಾಯವೋ ಅಲ್ಲವೋ ಎಂಬ ಪ್ರಶ್ನೆಯು ಪ್ರತಿಯೊಬ್ಬ ನೌಕರನನ್ನೂ ಒಂದಲ್ಲ ಒಂದು ರಾತ್ರಿ ನಿದ್ದೆಯಿಂದ ಎಬ್ಬಿಸಿ ಕೂರಿಸುವುದುಂಟು.

2024ನೆಯ ಇಸವಿಯ ಬೇಸಗೆಯಲ್ಲಿ ಮಲೆನಾಡಿನ ಒಂದು ಮದುವೆಮನೆಯ ಪಂಕ್ತಿಯಲ್ಲಿ ಈ ಪ್ರಶ್ನೆಯು ಒಬ್ಬ ಉಪನ್ಯಾಸಕರನ್ನು ಎದುರುಗೊಂಡಿತು. ಎಲೆಯ ತುದಿಗೆ ಉಪ್ಪು ಬಿದ್ದು, ಕೋಸಂಬರಿ ಇನ್ನೂ ಬರುತ್ತಿದ್ದಿತು. ಪಕ್ಕದಲ್ಲಿ ಕುಳಿತಿದ್ದ ಸೋದರಮಾವಂದಿರು, ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಅಳಿಯನನ್ನು ಕುರಿತು, "ನಿನಗೀಗ ಎಷ್ಟಯ್ಯಾ ವಯಸ್ಸು?" ಎಂದರು.

"ನಲವತ್ತಾರು ಮಾವ."

"ತಲಬು ಎಷ್ಟು ಬರುತ್ತೆ?"

"ಜೀವನಕ್ಕೆ ಸಾಲುತ್ತೆ ಮಾವ" ಎಂದು ಹೇಳಿ ಉಪನ್ಯಾಸಕರು ಎಲೆಯ ಕಡೆಗೆ ತಿರುಗಿದರು. ಆ ಮಾತು ನಿಜವಾಗಿರಲಿಲ್ಲ. ಮಗಳು ದ್ವಿತೀಯ ಪಿ.ಯು. ಪರೀಕ್ಷೆಯನ್ನು ಮುಗಿಸಿ ಮುಂದಿನ ಓದಿಗಾಗಿ ಊರು ಬಿಡತಕ್ಕವಳಾಗಿದ್ದಳು. ವಿದ್ಯಾರ್ಥಿನಿಲಯದ ಖರ್ಚು ಮೊದಲಾದುವುಗಳ ಲೆಕ್ಕವು ಅವರ ಅಂಗಿಯ ಕಿಸೆಯಲ್ಲಿ ಮಡಿಸಿದ ಕಾಗದದ ಮೇಲೆ ಇದ್ದಿತು. ಕೂಡಿದರೂ ಕಳೆದರೂ ಅದು ಸರಿಹೋಗಿರಲಿಲ್ಲ.

ಇವರು ಒಂದು ತಾಲ್ಲೂಕು ಪಟ್ಟಣದ ಸರ್ಕಾರಿ ಪ್ರಥಮ ದರ್ಜೆಯ ಕಾಲೇಜಿನಲ್ಲಿ 2006ರಿಂದ ಕನ್ನಡವನ್ನು ಬೋಧಿಸುತ್ತ ಬಂದವರು. ಸ್ನಾತಕೋತ್ತರ ಪದವಿಯೂ, ಅಧ್ಯಾಪನಕ್ಕೆ ವಿಧಿಸಿರುವ ಅರ್ಹತಾ ಪರೀಕ್ಷೆಯ ತೇರ್ಗಡೆಯೂ ಇವರಿಗೆ ಉಂಟು. ಆದರೆ ಇವರ ಹುದ್ದೆಗೆ ಉಪನ್ಯಾಸಕನೆಂದು ಮಾತ್ರ ಹೆಸರಿರದೆ, ಹಿಂದೊಂದು ವಿಶೇಷಣವಿದ್ದು, ಅತಿಥಿ ಉಪನ್ಯಾಸಕ ಎಂದಾಗಿರುವುದು. ಇಂಥವರಿಗೆ 2021ರ ಕೊನೆಯವರೆಗೆ ಕರ್ನಾಟಕದಲ್ಲಿ ದೊರೆಯುತ್ತಿದ್ದುದು ತಿಂಗಳಿಗೆ 13,000 ರೂಪಾಯಿ. ಅರ್ಹತಾ ಪರೀಕ್ಷೆಯಾಗದವರಿಗೆ 11,000. ಅವರೆಲ್ಲರೂ ಪಾಠವನ್ನು ನಿಲ್ಲಿಸಿ ಬೀದಿಗೆ ಬಂದ ಮೇಲೆ, 2022ರ ಜನವರಿಯಲ್ಲಿ ಸರ್ಕಾರವು ಅರ್ಹತೆಯುಳ್ಳ ಐದು ವರ್ಷ ಮೀರಿದವರಿಗೆ ಅದನ್ನು 32,000ಕ್ಕೆ ಏರಿಸಿತು. ಅದರೊಡನೆ ಪಾಠದ ಗಂಟೆಗಳೂ ವಾರಕ್ಕೆ 15ಕ್ಕೆ ಏರಿದುದರಿಂದ, ಉಳಿದವರಿಗೆ ಹೊಟ್ಟೆ ತುಂಬಿದಾಗ ಕೆಲವರಿಗೆ ಎಲೆಯೇ ಇಲ್ಲದಂತಾಯಿತು. 2024ರ ಆರಂಭದಲ್ಲಿ ಸೇವೆಯ ವರ್ಷಗಳನ್ನು ನೋಡಿ 5,000ದಿಂದ 8,000ದವರೆಗೆ ಮತ್ತೆ ಸೇರಿಸಲಾಯಿತು. ಹದಿನೈದು ವರ್ಷಗಳನ್ನು ದಾಟಿದ್ದ ಇವರಿಗೆ ಒಟ್ಟು 40,000 ಆಯಿತು. ಪಾಠವಿಲ್ಲದ ತಿಂಗಳುಗಳಿಗೆ ಏನೂ ಇಲ್ಲವಾದುದರಿಂದ ಆ ವರ್ಷ ಕೈಗೆ ಬರತಕ್ಕದ್ದು ಹತ್ತು ತಿಂಗಳ ಹಣ ಮಾತ್ರವೆಂದು ಇವರು ಎಣಿಸಿಕೊಂಡಿದ್ದರು.

ಇಲ್ಲಿ ಅತಿಥಿ ಎಂಬ ಶಬ್ದವನ್ನು ಸ್ವಲ್ಪ ವಿಚಾರಿಸತಕ್ಕದ್ದಾಗಿದೆ. ಒಂದು ರಾತ್ರಿ ಮಾತ್ರ ತಂಗುವವನು ಅತಿಥಿಯೆಂದೂ, ಸ್ಥಿತಿಯು ನಿತ್ಯವಲ್ಲದುದರಿಂದ ಅವನಿಗೆ ಆ ಹೆಸರೆಂದೂ ಮನುಸ್ಮೃತಿಯು ಲಕ್ಷಣವನ್ನು ಹೇಳುವುದು. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದು, ಆ ಮನೆಯ ಮಕ್ಕಳಿಗೆ ವಿದ್ಯೆ ಕಲಿಸಿ, ಅವರ ಉತ್ತರಪತ್ರಿಕೆಗಳನ್ನು ತಿದ್ದಿ, ಬಾಗಿಲಿನ ಬೀಗದ ಕೈಯನ್ನೂ ಆಗಾಗ ಹೊತ್ತವನನ್ನು ಯಾವ ಗೃಹಸ್ಥನೂ ಅತಿಥಿಯೆಂದು ಕರೆಯಲಾರನು. ಇನ್ನು ಇವರಿಗೆ ಕೊಡುವ ಹಣಕ್ಕೆ ವೇತನವೆಂಬ ಹೆಸರಿಲ್ಲ, ಗೌರವಧನವೆಂದು ಹೆಸರು. ಗೌರವವೂ ಧನವೂ ಒಂದೇ ಸಮಾಸದಲ್ಲಿ ಸೇರಿರುವಾಗ ಎರಡರಲ್ಲಿ ಯಾವುದು ಕಡಿಮೆಯಾದರೂ ಮತ್ತೊಂದನ್ನು ತೋರಿಸಿ ಸಮಾಧಾನ ಹೇಳಬಹುದು!

ಸಂಬಳದ ಚಿಂತೆ ಇವರಿಗೆ ಹೊಸದಲ್ಲ. ಆದರೆ ಆ ವರ್ಷ ಅದು ಮುಳ್ಳಾಗಿ ನಾಟಿದುದಕ್ಕೆ ಬೇರೆ ಕಾರಣವಿದ್ದಿತು. 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗಾಗಿ 2022ರ ಮಾರ್ಚಿಯಲ್ಲಿ ಸ್ಪರ್ಧಾಪರೀಕ್ಷೆ ನಡೆದಿದ್ದಿತು. ಇವರಿಗೆ ಅಷ್ಟರಲ್ಲಿ ಅರ್ಜಿ ಹಾಕುವ ವಯೋಮಿತಿಯು ಮೀರಿಹೋಗಿತ್ತು. ಅದರಲ್ಲಿ ಆಯ್ಕೆಯಾಗಿ ಇದೇ ಕಾಲೇಜಿಗೆ, ಇದೇ ವಿಭಾಗಕ್ಕೆ ಬಂದವನು ಇವರ ಶಿಷ್ಯ, ವಯಸ್ಸು ಇಪ್ಪತ್ತೆಂಟು. ಅವನ ಆರಂಭದ ಮೂಲವೇತನ 57,700 ರೂಪಾಯಿ. ಅದರ ಮೇಲೆ ತುಟ್ಟಿಭತ್ಯ, ಮನೆಬಾಡಿಗೆಯ ಭತ್ಯ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮದಂತೆ ಅವನು ವಾರಕ್ಕೆ ಬೋಧಿಸತಕ್ಕ ಗಂಟೆಗಳು 16, ಗುರುಗಳಿಗೆ 15. ಒಂದೇ ತರಗತಿಗೆ ಸೋಮವಾರ ಗುರುವೂ ಮಂಗಳವಾರ ಶಿಷ್ಯನೂ ಹೋಗುವರು. ಹುಡುಗನು ಸುಶೀಲ. ಗುರುಗಳು ಕೊಠಡಿಗೆ ಬಂದರೆ ಈಗಲೂ ಎದ್ದು ನಿಂತು, "ಸಾರ್, ಇಲ್ಲಿ ಕೂತ್ಕೊಳ್ಳಿ" ಎಂದು ತನ್ನ ಕುರ್ಚಿಯನ್ನೇ ಸರಿಸುವನು. ಅವನ ವಿನಯವೇ ಇವರಿಗೆ ಸಹಿಸಲು ಕಷ್ಟವಾಗುತ್ತಿತ್ತು. ಶಿಷ್ಯನ ಏಳಿಗೆಯನ್ನು ಕಂಡು ಸಂತೋಷಪಡಬೇಕಾದ ಮನಸ್ಸಿನಲ್ಲಿ ಕಹಿಯು ಸೇರಿತೆಂಬುದೇ ಇವರಿಗೆ ಬಡತನಕ್ಕಿಂತ ಹೆಚ್ಚಿನ ದುಃಖವಾಗಿದ್ದಿತು.

ಈ ಕಹಿಯು ಬರಿಯ ಮತ್ಸರವೋ, ಅಥವಾ ಅದರ ಒಳಗೆ ನ್ಯಾಯವಾದ ಒಂದು ತಿರುಳು ಉಂಟೋ ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದಾಗಿ, ವಯಸ್ಸು ಹೆಚ್ಚೆಂಬ ಮಾತ್ರಕ್ಕೆ ಸಂಬಳ ಹೆಚ್ಚಬೇಕೆಂಬ ವಾದವು ನಿಲ್ಲುವುದಿಲ್ಲ. ತಲೆ ನರೆತವನು ವೃದ್ಧನಲ್ಲ, ಓದಿದ ಯುವಕನೇ ವೃದ್ಧನೆಂದು ಅದೇ ಸ್ಮೃತಿಕಾರನು ಹೇಳಿರುವನು. ಶಿಷ್ಯನು ಕಷ್ಟಪಟ್ಟು ಓದಿ, ಸಹಸ್ರಾರು ಜನರೊಡನೆ ಸ್ಪರ್ಧಿಸಿ ಗೆದ್ದು ಬಂದವನು. ಪ್ರವೇಶದ ಕೆಲಸ, ಪರೀಕ್ಷೆಯ ಕೆಲಸ, ಸಂಶೋಧನೆ, ಸಮಿತಿಗಳು ಎಂಬ ಹೊರೆಗಳೂ ಅವನ ಮೇಲಿವೆ. ಅವನಿಗೆ ಕೊಡುವ ಒಂದು ಕಾಸೂ ಅನ್ಯಾಯದ್ದಲ್ಲ. ಆದುದರಿಂದ ಇಪ್ಪತ್ತೆಂಟರವನಿಗೆ ಅಷ್ಟು, ನಲವತ್ತಾರರವನಿಗೆ ಇಷ್ಟು ಎಂಬ ತುಲನೆಯನ್ನು ಕೈಬಿಡತಕ್ಕದ್ದು.

ಎರಡನೆಯದು ಕೆಲಸದ ತುಲನೆ. ಇದನ್ನು ಅಷ್ಟು ಸುಲಭವಾಗಿ ಕೈಬಿಡುವಂತಿಲ್ಲ. ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿದ್ದ ಓಲೆಯ ಪ್ರತಿಯಿಂದ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯಕ್ಕೆ ಸ್ಪಷ್ಟವಾದ ವಿಧಿಯಿದೆ. ಕುಶಲಕರ್ಮಿಗಳು, ವೈದ್ಯರು, ಗಾಯಕರು ಮೊದಲಾದವರು ತಮ್ಮಂಥ ಇತರರಿಗೆ ಸಲ್ಲುವಷ್ಟನ್ನೋ, ಅಥವಾ ಆ ಕೆಲಸವನ್ನು ಬಲ್ಲವರು ಗೊತ್ತುಮಾಡಿದಷ್ಟನ್ನೋ ಪಡೆಯತಕ್ಕದ್ದು ಎಂಬುದು ಅದರ ಭಾವ. ಎಂದರೆ ಕೆಲಸವು ಸಮಾನವಾಗಿದ್ದರೆ ಪ್ರತಿಫಲವನ್ನು ಹೋಲಿಸಿ ನೋಡುವುದು ಮತ್ಸರವಲ್ಲ. ಅದು ಶಾಸ್ತ್ರಸಮ್ಮತವಾದ ಅಳತೆಗೋಲು. ಅದೇ ಗ್ರಂಥದಲ್ಲಿ ಆಚಾರ್ಯರಿಗೂ ವಿದ್ಯಾವಂತರಿಗೂ ಪೂಜಾವೇತನವೆಂಬ ಹೆಸರಿನಿಂದ, ಯೋಗ್ಯತೆಗೆ ತಕ್ಕಂತೆ, 500ರಿಂದ 1,000 ಪಣಗಳವರೆಗೆ ಕೊಡಬೇಕೆಂದಿದೆ. ಲೆಕ್ಕಿಗನಿಗೂ ಬರಹಗಾರನಿಗೂ ಅಲ್ಲಿ 500 ಪಣ. ಇಂದಿನ ಗೌರವಧನದಂತೆ ಅಂದಿನ ಪೂಜಾವೇತನವೂ ಮರ್ಯಾದೆಯ ಹೆಸರನ್ನೇ ಹೊತ್ತಿದ್ದಿತು. ಆದರೆ ಪೂಜೆಗೊಳ್ಳುವವನು ಲೆಕ್ಕಿಗನಿಗಿಂತ ಕೆಳಗಿಳಿಯದಂತೆ ಕೌಟಿಲ್ಯನು ಗೆರೆ ಎಳೆದಿದ್ದನು.

ಈ ಕಾಲದ ಧರ್ಮಶಾಸ್ತ್ರವೂ ಇದನ್ನೇ ಹೇಳುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದನ್ನು ಭಾರತದ ಸಂವಿಧಾನದ 39ನೆಯ ಅನುಚ್ಛೇದವು ರಾಜ್ಯನೀತಿಯ ಸೂತ್ರವನ್ನಾಗಿ ಇರಿಸಿದೆ. 1982ರಲ್ಲಿ ದೆಹಲಿಯ ಪೊಲೀಸ್ ಇಲಾಖೆಯ ಒಬ್ಬ ವಾಹನಚಾಲಕನ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಈ ಸೂತ್ರಕ್ಕೆ ಜೀವಕೊಟ್ಟಿತು. 2016ರಲ್ಲಿ ಪಂಜಾಬಿನ ತಾತ್ಕಾಲಿಕ ನೌಕರರ ಮೊಕದ್ದಮೆಯಲ್ಲಿ, ಕಾಯಂ ನೌಕರರು ಮಾಡುವ ಕೆಲಸವನ್ನೇ ಮಾಡುವವರಿಗೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಮೊತ್ತವಾದರೂ ಸಲ್ಲಬೇಕೆಂದು ತೀರ್ಪಿತ್ತಿತು. ಆಯ್ಕೆಯ ರೀತಿ ಬೇರೆ, ಹೊಣೆ ಬೇರೆ ಎಂದು ವಾದಿಸುವುದಕ್ಕೆ ಎಡೆಯಿಲ್ಲದೆ ಇಲ್ಲ. ಆದರೆ ಆ ಭೇದದ ಬೆಲೆ ಎಷ್ಟೆಂಬುದನ್ನು ಕೆಲಸ ಬಲ್ಲವರು ಕುಳಿತು ಗೊತ್ತುಮಾಡಬೇಕೇ ಹೊರತು, ಬೊಕ್ಕಸದ ಅನುಕೂಲವು ಗೊತ್ತುಮಾಡತಕ್ಕದ್ದಲ್ಲ.

ಮೂರನೆಯದು ಅವಶ್ಯಕತೆಯ ತುಲನೆ. ಮೊದಲು ಹೊರಗೆ ಕಳುಹಿಸಿದ ವಯಸ್ಸು ಇಲ್ಲಿ ಬೇರೊಂದು ಬಾಗಿಲಿನಿಂದ ಒಳಗೆ ಬರುವುದು. ವಯಸ್ಸು ಅರ್ಹತೆಯಲ್ಲ, ನಿಜ. ಆದರೆ ಅದು ಭಾರ. ಇಪ್ಪತ್ತೆಂಟರಲ್ಲಿ ಒಬ್ಬನ ಊಟ. ನಲವತ್ತಾರರಲ್ಲಿ ಮಗಳ ಓದು, ತಾಯಿಯ ಔಷಧಿ, ಮುಂದಿನ ಮುಪ್ಪು. ಅರ್ವಾಚೀನ ಸಂಕಲನವೆಂದು ಅನೇಕ ವಿದ್ವಾಂಸರು ಎಣಿಸುವ ಶುಕ್ರನೀತಿಯಲ್ಲಿಯೂ, ಪೋಷ್ಯವರ್ಗವು ಬದುಕುವಷ್ಟು ಸಂಬಳವಿರಬೇಕೆಂದೂ, ಕಡಿಮೆ ಕೊಟ್ಟ ಒಡೆಯನು ತನ್ನ ಶತ್ರುಗಳನ್ನು ತಾನೇ ಮಾಡಿಕೊಂಡಂತೆಂದೂ ಹೇಳಿದೆ. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವನ್ನು ಗೊತ್ತುಮಾಡುವಾಗ ದುಡಿಯುವವನೊಬ್ಬನನ್ನೇ ಎಣಿಸದೆ ಕುಟುಂಬವನ್ನು ಎಣಿಸಿತು; ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿಯ ಆಹಾರ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ ಎಂದು ಅಳೆದಿತು. ಮಕ್ಕಳ ವಿದ್ಯೆ, ಔಷಧೋಪಚಾರ, ಹಬ್ಬ, ಮದುವೆ, ಮುಪ್ಪು ಇವುಗಳಿಗಾಗಿ ಇನ್ನೂ ನಾಲ್ಕನೆಯ ಒಂದು ಭಾಗವನ್ನು ಸೇರಿಸಬೇಕೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಇದು ಕಾರ್ಖಾನೆಯ ಅತ್ಯಂತ ಕೆಳಗಿನ ಕೂಲಿಗೆ ಹೇಳಿದ ಮಾತು. ಅಧ್ಯಾಪಕನ ಮಗಳು ಓದಬೇಕಾದರೆ ಇದಕ್ಕಿಂತ ಕಡಿಮೆಯಾದ ನ್ಯಾಯವು ಸಲ್ಲಲಾರದು.

ಇಷ್ಟನ್ನು ಕೇಳಿದ ಬಳಿಕ ಕೆಲವು ಹಿರಿಯರು, ವಿದ್ಯೆಯು ದಾನಕ್ಕೆ ಅರ್ಹವಾದದ್ದು, ಮಾರತಕ್ಕದ್ದಲ್ಲ, ಗುರುವಿಗೆ ಸಂತೃಪ್ತಿಯೇ ಸಂಬಳ ಎಂದು ಹೇಳುವುದುಂಟು. ಹಣಕ್ಕಾಗಿ ಬೋಧಿಸುವವನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಡಬೇಕೆಂದು ಮನುವು ವಿಧಿಸಿರುವುದೂ ನಿಜವೇ. ಆದರೆ ಹಾಗೆ ವಿಧಿಸಿದ ಸಮಾಜವು ಗುರುವನ್ನು ಬರಿಗೈಯಲ್ಲಿ ಬಿಟ್ಟಿರಲಿಲ್ಲವೆಂಬುದನ್ನು ಈ ಹಿರಿಯರು ಮರೆಯುತ್ತಾರೆ. ಕಲಬುರಗಿ ಸೀಮೆಯ ನಾಗಾವಿಯಲ್ಲಿ 1058ರ ಚಾಲುಕ್ಯ ಶಾಸನವಿದೆ. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರಗಳನ್ನು ಬೋಧಿಸುವವರಿಗೆ ಮಾತ್ರವಲ್ಲ, ಗ್ರಂಥಗಳನ್ನು ಕಾಯುವ ಸರಸ್ವತೀಭಂಡಾರಿಗಳಿಗೂ ಭೂಮಿಯನ್ನು ಬಿಟ್ಟುಕೊಟ್ಟುದು ಕಲ್ಲಿನಲ್ಲಿ ಕೆತ್ತಲ್ಪಟ್ಟಿದೆ. ಮೊದಲು ಭೂಮಿ, ಆಮೇಲೆ ನಿಸ್ಪೃಹತೆಯ ಉಪದೇಶ. ಭೂಮಿಯನ್ನು ಹಿಂದಕ್ಕೆ ಪಡೆದು ಉಪದೇಶವನ್ನು ಮಾತ್ರ ಉಳಿಸಿಕೊಳ್ಳುವುದು ಧರ್ಮವಲ್ಲ. ಸಂತೃಪ್ತಿಯೆಂಬುದು ಪಡೆಯುವವನು ತನಗೆ ತಾನೇ ಹೇಳಿಕೊಳ್ಳತಕ್ಕ ಮಂತ್ರ. ಕೊಡಬೇಕಾದವನು ಅದನ್ನು ಉಚ್ಚರಿಸಿದರೆ ಅದು ಜಿಪುಣತನದ ಸಭ್ಯವಾದ ಹೆಸರಷ್ಟೇ.

ಮದುವೆಯಾದ ಕೆಲವು ದಿನಗಳಲ್ಲಿ ಪರಿಚಿತರಾದ ಅಡಕೆ ಮಂಡಿಯ ಯಜಮಾನರೊಬ್ಬರು ಲೆಕ್ಕ ಬರೆಯುವುದಕ್ಕೆ ಬರುವಿರಾ ಎಂದು ಉಪನ್ಯಾಸಕರನ್ನು ಕೇಳಿದರು. ತಿಂಗಳಿಗೆ 35,000 ರೂಪಾಯಿ, ವರ್ಷದ ಹನ್ನೆರಡು ತಿಂಗಳೂ. ಅವರು ಕಿಸೆಯ ಕಾಗದವನ್ನು ತೆಗೆದು ಮತ್ತೆ ಲೆಕ್ಕ ಹಾಕಿದರು. ಕಾಲೇಜಿನಲ್ಲಿ ಹತ್ತು ತಿಂಗಳಿಗೆ 4,00,000; ಮಂಡಿಯಲ್ಲಿ 4,20,000. ಲೆಕ್ಕಿಗನಿಗಿಂತ ಗುರುವು ಕೆಳಗಿಳಿಯಬಾರದೆಂಬ ಕೌಟಿಲ್ಯನ ಗೆರೆಯು ಆ ಕಾಗದದ ಮೇಲೆ 20,000 ರೂಪಾಯಿಗಳಿಂದ ಅಳಿಸಿಹೋಗಿದ್ದಿತು.

ಉತ್ತರ ಹೇಳುವುದಕ್ಕೆ ಮುಂಚೆ ಅವರು ಸೋದರಮಾವಂದಿರ ಮನೆಗೆ ಹೋದರು. ಜಗಲಿಯ ಮೇಲೆ ಕುಳಿತು, "ಮಾವ, ಆವತ್ತು ನೀವು ಕೇಳಿದ್ದಕ್ಕೆ ಸುಳ್ಳು ಹೇಳಿದೆ" ಎಂದು ಮೊದಲುಮಾಡಿ, ಮೊತ್ತವನ್ನೂ, ಬಾರದ ತಿಂಗಳುಗಳನ್ನೂ, ಹಿಂದಿನ ವರ್ಷಗಳ 13,000ವನ್ನೂ ಒಂದೂ ಬಿಡದೆ ಹೇಳಿದರು. ಮುದುಕರು ಬಹಳ ಹೊತ್ತು ಮಾತನಾಡಲಿಲ್ಲ.

"ನನ್ನ ಪಿಂಚಣಿಯೇ ಇದಕ್ಕಿಂತ ಹೆಚ್ಚು ಬರುತ್ತಲ್ಲಯ್ಯಾ" ಎಂದು ಕೊನೆಗೆ ಹೇಳಿದರು. "ಸುಮ್ಮನೆ ಕೂತವನಿಗೆ."

ತಲೆ ತಗ್ಗಿಸಿದವರು ಈ ಸಲ ಅಳಿಯನಲ್ಲ, ಮಾವ. ಸಂಬಳವನ್ನು ಹೇಳಿಕೊಂಡವನ ನಾಚಿಕೆಯು ಹೇಳಿದೊಡನೆ ಹೋಯಿತು. ಅದು ಕೇಳಿದವರಿಗೆ ಅಂಟಿಕೊಂಡಿತು. ಅಲ್ಲಿಗೆ ಹೋಗತಕ್ಕದ್ದು ಅದಾಗಿರಲಿಲ್ಲ, ಪಾಪ. ಅದು ಸೇರಬೇಕಾದ ಸ್ಥಳವು ಕೊಡುವವರ ಮನೆ. ಆದರೆ ಮುಚ್ಚಿಟ್ಟ ಸಂಖ್ಯೆಯು ಎಲ್ಲಿಗೂ ಹೋಗಲಾರದು, ಹೇಳಿದ ಸಂಖ್ಯೆಯು ನಡೆಯುತ್ತ ಹೋಗಿ ಒಂದು ದಿನ ಆ ಮನೆಯನ್ನೂ ತಲಪಬಹುದು. ಬೀದಿಗೆ ಬಂದು ಹೇಳಿದುದರಿಂದಲೇ ಅಲ್ಲವೆ 13,000 ಎಂಬುದು 32,000 ಆದದ್ದು!

ಉಪನ್ಯಾಸಕರು ಪಾಠವನ್ನು ಬಿಡಲಿಲ್ಲ. ಮಂಡಿಯ ಯಜಮಾನರು ಒಪ್ಪಿದುದರಿಂದ, ಹಗಲು ಕಾಲೇಜು, ಸಂಜೆ ಅರ್ಧ ಸಂಬಳಕ್ಕೆ ಅಡಕೆಯ ಖಾತೆ ಎಂದಾಯಿತು. ಮಗಳು ಓದಲು ಹೋದಳು. ಶಿಷ್ಯನ ಮೇಲಿದ್ದ ಕಹಿಯು, ಅದು ಸಲ್ಲಬೇಕಾದುದು ಅವನಿಗಲ್ಲವೆಂದು ತಿಳಿದ ಮೇಲೆ, ಬಹುಮಟ್ಟಿಗೆ ಇಳಿಯಿತು. ಯಾರಾದರೂ ಸಂಬಳವೆಷ್ಟೆಂದು ಕೇಳಿದರೆ ಅವರು ಈಗ ಮೊತ್ತವನ್ನೇ ಹೇಳುವರು.

ಯಾವ ವೇತನವು ನ್ಯಾಯವಾದದ್ದು ಎಂಬುದಕ್ಕೆ ಪಂಡಿತರು ಅನೇಕ ಸೂತ್ರಗಳನ್ನು ಹೇಳಬಹುದು. ಸಾಮಾನ್ಯರಿಗೆ ಒಂದು ಪರೀಕ್ಷೆ ಸಾಕು. ಕೊಡುವವನೂ ಪಡೆಯುವವನೂ ಎದುರೆದುರಾಗಿ ಕುಳಿತು, ವಯಸ್ಸನ್ನೂ ಕೆಲಸವನ್ನೂ ಮೊತ್ತವನ್ನೂ ಒಂದೇ ಉಸಿರಿನಲ್ಲಿ, ಇಬ್ಬರಲ್ಲಿ ಯಾರೂ ತಲೆ ತಗ್ಗಿಸದೆ ಹೇಳಬಲ್ಲರಾದರೆ ಅದು ನ್ಯಾಯವಾದ ವೇತನ. ಹೇಳಲಾರದಿದ್ದರೆ, ಸಂಬಳವನ್ನು ಕೇಳಬಾರದೆಂಬ ಗಾದೆಯು ಅಲ್ಲಿ ಯಾರನ್ನು ಕಾಪಾಡುತ್ತಿದೆಯೆಂಬುದನ್ನು ವಾಚಕರೇ ವಿಚಾರಿಸಿಕೊಳ್ಳಬಹುದು.