ಉದ್ಯೋಗದಲ್ಲಿ ನಿತ್ಯಕರ್ಮ

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದವನಿಗೆ ಪಾಠಗಳು ನಿಲ್ಲುವುವು, ಪ್ರಶ್ನೆಗಳು ನಿಲ್ಲುವುದಿಲ್ಲ. ಪ್ರತಿ ವರ್ಷವೂ ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದೊಡನೆ ನೆರೆಹೊರೆಯ ತಂದೆತಾಯಿಗಳು ನಮ್ಮ ಜಗಲಿಗೆ ಬಂದು ಕೇಳುವ ಪ್ರಶ್ನೆ ಒಂದೇ: "ಮಗುವಿಗೆ ಯಾವುದನ್ನು ಕಲಿಸಿದರೆ ಕೆಲಸ ಗಟ್ಟಿ, ಮಾಷ್ಟ್ರೇ?" ನಲುವತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ನಮ್ಮ ಮಂಗಳೂರಿನಲ್ಲಿ ಟೈಪುರೈಟಿಂಗ್, ಶೀಘ್ರಲಿಪಿ ಎಂಬ ಉತ್ತರವಿದ್ದಿತು. ಆಮೇಲೆ ಇಂಜಿನಿಯರಿಂಗ್ ಎಂದಾಯಿತು, ಕಂಪ್ಯೂಟರ್ ಎಂದಾಯಿತು. ಈಗ ಕೃತಕ ಬುದ್ಧಿಮತ್ತೆಯ ಹೆಸರನ್ನು ಹೇಳುವವರಿದ್ದಾರೆ. ಉತ್ತರಗಳು ಹೀಗೆ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತಿರುವಲ್ಲಿ ಪ್ರಶ್ನೆಯಲ್ಲಿಯೇ ಏನೋ ಕೊರತೆಯಿರಬೇಕೆಂದು ನನಗೆ ತೋರುತ್ತದೆ. ಯಾವ ವಿದ್ಯೆಯಿಂದ ಕಛೇರಿಯ ಬಾಗಿಲು ತೆರೆಯುವುದೆಂಬುದು ಒಂದು ಮಾತು; ಒಳಗೆ ಹೋದವನು ಯಾವ ಗುಣದಿಂದ ಅಲ್ಲಿ ನಿಲ್ಲುವನೆಂಬುದು ಬೇರೊಂದು ಮಾತು. ಈ ಎರಡನೆಯದರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಉದ್ದೇಶ.

ನಾನು ಓದಿದುದು ಸಂಸ್ಕೃತ ಪಾಠಶಾಲೆಯಲ್ಲಿ. ಅಲ್ಲಿ ನಮ್ಮ ಗುರುಗಳು ಕರ್ಮಗಳನ್ನು ಮೂರು ಬಗೆಯಾಗಿ ವಿಂಗಡಿಸಿ ಹೇಳಿಕೊಡುತ್ತಿದ್ದರು. ಸಂಧ್ಯಾವಂದನೆಯಂತೆ ಪ್ರತಿದಿನವೂ ಮಾಡತಕ್ಕುದು ನಿತ್ಯ. ಗ್ರಹಣಸ್ನಾನದಂತೆ ಸಂದರ್ಭ ಬಂದಾಗ ಮಾಡತಕ್ಕುದು ನೈಮಿತ್ತಿಕ. ಫಲವನ್ನು ಬಯಸಿ ಮಾಡುವುದು ಕಾಮ್ಯ. ಇವುಗಳಲ್ಲಿ ನಿತ್ಯಕರ್ಮದ ಲಕ್ಷಣವು ವಿಚಿತ್ರವಾದುದು. ಅದನ್ನು ಮಾಡಿದರೆ ವಿಶೇಷ ಫಲವೇನೂ ಇಲ್ಲ, ಬಿಟ್ಟರೆ ಮಾತ್ರ ಪ್ರತ್ಯವಾಯವೆಂಬ ದೋಷವುಂಟು ಎಂದು ಶಾಸ್ತ್ರಜ್ಞರಲ್ಲಿ ಹಲವರ ಮತ. ಬಾಲ್ಯದಲ್ಲಿ ಇದು ನನಗೆ ಬಹಳ ಅನ್ಯಾಯವಾಗಿ ಕಾಣುತ್ತಿದ್ದಿತು. ಆದರೆ ವೃತ್ತಿಜೀವನವನ್ನು ನೋಡುತ್ತ ಬಂದಂತೆ ಪೂರ್ವಿಕರು ಉದ್ಯೋಗದ ಗುಟ್ಟನ್ನೇ ಹೇಳಿರುವರೆಂದು ತಿಳಿಯಿತು. ಹೊತ್ತಿಗೆ ಸರಿಯಾಗಿ ಬಂದವನನ್ನು ಯಾವ ಕಛೇರಿಯಲ್ಲಿಯೂ ಹೂಮಾಲೆ ಹಾಕಿ ಕೊಂಡಾಡುವುದಿಲ್ಲ. ಅಂದಿನ ಲೆಕ್ಕವನ್ನು ಅಂದೇ ಬರೆದವನಿಗೆ, ಕಾಗದಕ್ಕೆ ಅಂದೇ ಮರುತ್ತರ ಕೊಟ್ಟವನಿಗೆ ಬಹುಮಾನವಿಲ್ಲ. ಆದರೆ ಇವನ್ನು ನಾಲ್ಕು ದಿನ ಬಿಟ್ಟು ನೋಡಿರಿ, ಪ್ರತ್ಯವಾಯವೆಂಬುದು ಎಷ್ಟು ಬೇಗ ಬಾಗಿಲು ತಟ್ಟುವುದೆಂದು ತಿಳಿಯುವುದು.

ನಮ್ಮ ಜಿಲ್ಲೆಗಳ ಅಭ್ಯುದಯವು ಈ ನಿತ್ಯತೆಯ ಮೇಲೆಯೇ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈಗಳು, ಇಂಜಿನಿಯರರಾದ ವಾಮನ ಕುಡ್ವರು, ವೈದ್ಯರಾದ ಡಾಕ್ಟರ್ ಟಿ. ಎಂ. ಎ. ಪೈಗಳು, ಈ ಮೂವರು ಸೇರಿ ಎಂಟು ಸಾವಿರ ರೂಪಾಯಿಗಳ ಮೂಲಧನದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ತೆರೆದರು. ಕೈಮಗ್ಗದ ಉದ್ಯಮವು ಕುಗ್ಗಿ ನೇಕಾರರು ಕಂಗೆಟ್ಟಿದ್ದ ಕಾಲವದು. ಅವರಿಗೆ ಆಸರೆಯಾಗಬೇಕೆಂಬುದು ಸ್ಥಾಪಕರ ಆಶಯಗಳಲ್ಲೊಂದು. 1928ರಲ್ಲಿ ಈ ಸಂಸ್ಥೆಯು ಪಿಗ್ಮಿ ಠೇವಣಿಯೆಂಬ ಕ್ರಮವನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಬಡವನ ಬಳಿಗೆ ಬ್ಯಾಂಕೇ ನಡೆದು ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪವಾದ ಹಣವನ್ನೂ ಮನೆಬಾಗಿಲಲ್ಲಿ ಸ್ವೀಕರಿಸುವುದು ಇದರ ರೀತಿ. ಎರಡಾಣೆಯೆಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ಬಡ್ಡಿಯನ್ನು ಬಿಟ್ಟು ನಲುವತ್ತೈದು ರೂಪಾಯಿ ಹತ್ತಾಣೆ. ಒಮ್ಮೆಗೇ ನಲುವತ್ತೈದು ರೂಪಾಯಿಗಳನ್ನು ಕಣ್ಣಿನಿಂದ ಕಾಣದ ಕುಟುಂಬಗಳು ಆ ಕಾಲದಲ್ಲಿ ಎಷ್ಟಿದ್ದುವೋ! ದೊಡ್ಡ ಮೊತ್ತವು ದೊಡ್ಡ ಸಾಹಸದಿಂದಲ್ಲ, ತಪ್ಪದ ದಿನಚರಿಯಿಂದ ಕೂಡುವುದೆಂಬುದನ್ನು ನಮ್ಮ ಕರಾವಳಿಯು ಹೀಗೆ ಕಲಿತುಕೊಂಡಿತು.

ನನ್ನ ಸೋದರಮಾವನು ಒಂದು ಬ್ಯಾಂಕಿನ ಪಿಗ್ಮಿ ಸಂಗ್ರಾಹಕನಾಗಿದ್ದನು. ಅವನಿಗೆ ತಿಂಗಳ ಸಂಬಳವಿರಲಿಲ್ಲ. ಕೂಡಿಸಿದ ಹಣದ ಮೇಲೆ ಸಿಗುತ್ತಿದ್ದ ಅಲ್ಪ ಕಮಿಷನ್ನೇ ಅವನ ಜೀವನ. ಬಾಲಕನಾಗಿ ನಾನು ಶಾಲೆಯ ರಜೆಯಲ್ಲಿ ಅವನ ಜೊತೆಯಲ್ಲಿ ಊರು ಸುತ್ತಿದ್ದುಂಟು. ಉದ್ಯೋಗಕ್ಕೆ ಬೇಕಾದ ಗುಣಗಳು ಯಾವುವೆಂದು ಯಾರಾದರೂ ಕೇಳಿದರೆ ನನ್ನ ಕಣ್ಣಿಗೆ ಕಟ್ಟುವವನು ಅವನೇ. ಆಟಿಯ ಮಳೆಯಲ್ಲಿಯೂ ಅವನು ಲೆಕ್ಕದ ಪುಸ್ತಕವನ್ನು ಮೇಣಬಟ್ಟೆಯಲ್ಲಿ ಸುತ್ತಿ, ಕೊಡೆಯ ಕೆಳಗೆ ತಾನು ಅರ್ಧ ನೆನೆದು ಪುಸ್ತಕವನ್ನು ನೆನೆಸದೆ, ನಿನ್ನೆ ಬಂದ ಹೊತ್ತಿಗೇ ಇಂದೂ ಬರುವನು. ಅಂಗಡಿಯವನು ಗಡಿಯಾರ ನೋಡಿ ಹಣ ತೆಗೆದಿರಿಸುವನು. ರಥಬೀದಿಯ ಅಂಗಡಿಯಲ್ಲಿ ಕೊಂಕಣಿ, ಬಂದರಿನ ಮಂಡಿಯಲ್ಲಿ ಬ್ಯಾರಿಮಾತು, ಮೀನು ಮಾರುವ ಹೆಂಗಸರೊಡನೆ ತುಳು, ಬ್ಯಾಂಕಿನೊಳಗೆ ಕನ್ನಡ. ಇವನ್ನೆಲ್ಲ ಅವನು ಪುಸ್ತಕದಿಂದ ಕಲಿತವನಲ್ಲ. ಎದುರಿಗಿರುವವನಿಗೆ ಕಷ್ಟವಾಗಬಾರದೆಂಬ ಒಂದೇ ಕಾರಣದಿಂದ ಕಲಿತವನು. ಹಣ ಕೊಡಲಾರದ ದಿನ ಬಂದವರ ಮುಂದೆ ಅವನು ಮುಖ ಸಿಂಡರಿಸುತ್ತಿರಲಿಲ್ಲ. "ನಾಳೆ ಬರುವೆ" ಎಂದು ಹೇಳಿ ನಾಳೆ ಬರುವನು, ಅಷ್ಟೇ.

ಒಂದು ದಿನದ ಸಂಗತಿಯನ್ನು ಹೇಳಬೇಕು. ಹೂ ಕಟ್ಟಿ ಮಾರುವ ಹೆಂಗಸೊಬ್ಬಳು ಮಾವನಲ್ಲಿ ದಿನಕ್ಕೆ ಒಂದು ರೂಪಾಯಿಯಂತೆ ಕಟ್ಟುತ್ತಿದ್ದಳು. ಅವಳ ಗಂಡನು ಕುಡಿತದವನು. ಅವನು ದಾರಿಯಲ್ಲಿ ಮಾವನನ್ನು ತಡೆದು, ಅವಳ ಹೆಸರಿನಲ್ಲಿ ಎಷ್ಟು ಕೂಡಿದೆಯೆಂದು ಕೇಳಿದನು. "ಲೆಕ್ಕ ಅವಳದ್ದು, ಅವಳನ್ನೇ ಕೇಳು" ಎಂದನು ಮಾವ. ಆತನು ಬೈದನು, ಅಂಗಿಯ ಕೊರಳಪಟ್ಟಿಗೆ ಕೈಹಾಕಿದನು. ಮಾವನು ಪುಸ್ತಕವನ್ನು ಎದೆಗೆ ಅವುಚಿಕೊಂಡು ಅದೇ ಮಾತನ್ನು ಮತ್ತೊಮ್ಮೆ ಹೇಳಿದನು. ಮುಂದಿನ ಜೂನಿನಲ್ಲಿ ಆ ಹಣದಿಂದ ಅವಳ ಮಗಳು ಹೈಸ್ಕೂಲು ಸೇರಿದಳು. ಪರರ ಗುಟ್ಟನ್ನು ಕಾಯುವುದೆಂಬ ಗುಣವು ಯಾವ ಪ್ರಮಾಣಪತ್ರದಲ್ಲಿಯೂ ಬರೆಯಲ್ಪಡುವುದಿಲ್ಲ; ಆದರೆ ಅದರ ಬೆಲೆಯೇನೆಂದು ನಾನು ಆ ದಿನ ಕಂಡೆನು. ಮಾವನದೇ ಇನ್ನೊಂದು ಮಾತುಂಟು. ಒಂದು ಸಂಜೆ ಎಣಿಸುವಾಗ ಐದು ರೂಪಾಯಿ ಕಡಿಮೆ ಬಂದಿತು. ಅವನು ಆಗಲೇ ಹೋಗಿ ಮೇಲಿನವರಿಗೆ ತಿಳಿಸಿ ತನ್ನ ಕೈಯಿಂದ ತುಂಬಿಸಿಕೊಟ್ಟು ಬಂದನು. ನಾಳೆ ಹೇಳಬಹುದಿತ್ತಲ್ಲ ಎಂದು ಅತ್ತೆ ಕೇಳಿದಾಗ, "ಇಂದು ಹೇಳಿದರೆ ಅದು ಲೆಕ್ಕ, ನಾಳೆ ಹೇಳಿದರೆ ಅದಕ್ಕೆ ಬೇರೆ ಹೆಸರು" ಎಂದನು.

ಹಾಗಾದರೆ ವಿದ್ಯೆಯೂ ಪದವಿಯೂ ಬೇಡವೇ ಎಂದು ಕೇಳುವವರುಂಟು. ಬೇಡವೆಂದು ಉಪಾಧ್ಯಾಯನು ಹೇಳಿಯಾನೆ? ಆದರೆ ಅದರ ಸ್ಥಾನವನ್ನು ತಿಳಿಯಬೇಕು. 1865ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್‌ಸ್ಟ್ ಎಂಬವರು ನಮ್ಮ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಮಂಗಳೂರು ಹಂಚೆಂಬುದು ದೇಶವಿದೇಶಗಳಲ್ಲಿ ಹೆಸರಾಯಿತು. ಪ್ರತಿಯೊಂದು ಹಂಚಿನ ಮೇಲೆಯೂ ಕಾರ್ಖಾನೆಯ ಮುದ್ರೆಯಿರುತ್ತದೆ. ಕೊಳ್ಳುವವನು ಮುದ್ರೆಯನ್ನು ನೋಡಿಯೇ ಕೊಳ್ಳುವನು, ಅದು ಸರಿಯೇ. ಆದರೆ ಅನುಭವಸ್ಥನು ಮುದ್ರೆಯನ್ನು ನೋಡಿದ ಮೇಲೂ ಹಂಚನ್ನು ಎತ್ತಿ ಬೆರಳಿನಿಂದ ತಟ್ಟಿ ನೋಡುವನು. ಸರಿಯಾಗಿ ಬೆಂದುದು ಖಣ್ಣೆನ್ನುವುದು. ಅರೆಬೆಂದುದು ಮಂಕಾಗಿ ಸದ್ದು ಮಾಡುವುದು. ಪದವಿಯು ಮುದ್ರೆ, ಮಳೆಯನ್ನು ತಡೆಯುವುದು ಮಾತ್ರ ಮುದ್ರೆಯಲ್ಲ.

ನನ್ನ ವಿದ್ಯಾರ್ಥಿಗಳಲ್ಲೊಬ್ಬನು ಬಹು ಬುದ್ಧಿವಂತನಾಗಿದ್ದನು. ವರ್ಷವೆಲ್ಲ ಆಡಿ, ಪರೀಕ್ಷೆಗೆ ಹದಿನೈದು ದಿನಗಳಿರುವಾಗ ಕುಳಿತು, ಮೊದಲನೆಯವನಾಗಿ ತೇರ್ಗಡೆಯಾಗುವನು. ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಲ್ಲಿ ಉದ್ಯೋಗವೂ ದೊರೆಯಿತು. ಎರಡು ವರ್ಷಗಳೊಳಗಾಗಿ ಅದನ್ನು ಕಳೆದುಕೊಂಡು ಊರಿಗೆ ಬಂದನು. ಅವನು ನನ್ನೊಡನೆ ಹೇಳಿದ ಮಾತು ನನಗೆ ಮರೆಯದು: "ಮಾಷ್ಟ್ರೇ, ಅಲ್ಲಿ ಪರೀಕ್ಷೆ ಎಂಬುದೇ ಇಲ್ಲ. ಯಾವಾಗ ಓದಬೇಕೆಂದೇ ನನಗೆ ಗೊತ್ತಾಗಲಿಲ್ಲ." ಕೆಲಸವು ಹಿಂದೆಬಿದ್ದುದನ್ನು ಅವನು ಯಾರಿಗೂ ಹೇಳದೆ, ಒಂದು ರಾತ್ರಿಯಲ್ಲಿ ಎಲ್ಲವನ್ನೂ ಮುಗಿಸಿಬಿಡುವೆನೆಂದು ನಂಬಿ ಕುಳಿತಿದ್ದನಂತೆ. ಆ ರಾತ್ರಿ ಬರಲೇ ಇಲ್ಲ. ನಾವು ನಮ್ಮ ಮಕ್ಕಳನ್ನು ನೈಮಿತ್ತಿಕಕ್ಕೆ ಸಿದ್ಧಗೊಳಿಸಿ ನಿತ್ಯಕ್ಕೆ ಕಳುಹಿಸುತ್ತಿದ್ದೇವೆ. ಶಾಲೆಗಳೂ ಮನೆಗಳೂ ಯೋಚಿಸಬೇಕಾದ ವಿಷಯವಿದು.

ಆದರೆ ನಿತ್ಯತೆಯೆಂದರೆ ಗಾಣದ ಎತ್ತಿನ ಸುತ್ತಾಟವಲ್ಲ. ನಮ್ಮಲ್ಲಿ ಹುಟ್ಟಿ ಬೆಳೆದ ಬ್ಯಾಂಕುಗಳ ಕಥೆಯನ್ನೇ ನೋಡಿರಿ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಆರಂಭಿಸಿದುದು ಇಂದಿನ ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಹುಟ್ಟಿದುದು ಕಾರ್ಪೊರೇಶನ್ ಬ್ಯಾಂಕು. 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಇದೇ ಮಂಗಳೂರಿನಲ್ಲಿ ತಲೆಯೆತ್ತಿದುವು. ಈ ನಾಡಿನ ಎಷ್ಟೋ ತಾಯಂದಿರು ತಮ್ಮ ಮಕ್ಕಳಿಗೆ ಇವುಗಳಲ್ಲೊಂದರಲ್ಲಿ ಕೆಲಸವಾಗಲೆಂದು ಹರಕೆ ಹೊತ್ತುದುಂಟು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದುವು. ಅವುಗಳಲ್ಲಿ ಮೂವತ್ತು ವರ್ಷ ದುಡಿದವರು ಒಂದು ಬೆಳಗಿನಲ್ಲಿ ಬೇರೆ ಹೆಸರಿನ ಫಲಕದ ಕೆಳಗೆ ಹೊಕ್ಕು ಬೇರೆ ಕ್ರಮಗಳನ್ನು ಕಲಿಯಬೇಕಾಯಿತು. ನೂರು ವರ್ಷಗಳ ಹೆಸರೂ ಶಾಶ್ವತವಲ್ಲವೆಂದ ಮೇಲೆ, ಗಟ್ಟಿಯಾದ ಕೆಲಸವೆಂಬುದೊಂದು ಹೊರಗೆಲ್ಲಿಯೂ ಇಲ್ಲ. ಗಟ್ಟಿತನವು ಕೆಲಸಗಾರನಲ್ಲಿರಬೇಕು.

ಟೈಪುರೈಟಿಂಗ್ ಕಲಿತ ನನ್ನ ವಿದ್ಯಾರ್ಥಿನಿಯೊಬ್ಬಳ ಉದಾಹರಣೆ ಇಲ್ಲಿ ಸಲ್ಲುವುದು. ಅವಳ ಕೈಯ ಯಂತ್ರವು ಕಣ್ಣೆದುರೇ ಗುಜರಿಗೆ ಹೋಯಿತು, ಕೆಲಸವೂ ಹೋಯಿತು. ನಲುವತ್ತು ದಾಟಿದ ಮೇಲೆ ಅವಳು ತನ್ನ ಮಗನಿಗಿಂತ ಸ್ವಲ್ಪವೇ ಹಿರಿಯರಾದ ಹುಡುಗರ ಪಕ್ಕದಲ್ಲಿ ಕುಳಿತು, ತಿಳಿಯದುದನ್ನು ನಾಚಿಕೆಯಿಲ್ಲದೆ ಕೇಳಿ ಕಂಪ್ಯೂಟರ್ ಕಲಿತಳು. ಇಂದು ವಕೀಲರೊಬ್ಬರ ಕಛೇರಿಯು ಅವಳನ್ನು ನೆಚ್ಚಿ ನಿಂತಿದೆ. ಕಾರಣವೇನೆಂದರೆ, ಬರೆದುದನ್ನು ಮೂಲದೊಡನೆ ಅಕ್ಷರಶಃ ಹೋಲಿಸಿ ನೋಡದೆ ಅವಳು ಯಾವ ಕಾಗದವನ್ನೂ ಕೈಬಿಡುವುದಿಲ್ಲ. ಯಂತ್ರ ಹೊಸದು, ಆ ಕಣ್ಣು ಹಳೆಯದು. ಈ ದಿನಗಳಲ್ಲಿ ಯಂತ್ರವೇ ಕಾಗದವನ್ನು ರಚಿಸಿಕೊಡುವ ಕಾಲ ಬಂದಿರುವಾಗ, ಹೀಗೆ ಸರಿತಪ್ಪುಗಳನ್ನು ನೋಡುವ ಕಣ್ಣಿಗೆ ಬೆಲೆ ಹೆಚ್ಚುವುದಲ್ಲದೆ ಕಡಿಮೆಯಾಗದು.

ಕೈಕೆಲಸಗಳ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆನು. ಹೇಳಬೇಕಾದುದನ್ನು ಅರ್ಧ ಪುಟದಲ್ಲಿ ಸ್ಪಷ್ಟವಾಗಿ ಬರೆಯುವುದು, ಯಂತ್ರದ ಸಹಾಯವಿಲ್ಲದೆ ಲೆಕ್ಕದ ಅಂದಾಜು ಹಿಡಿಯುವುದು, ಮತ್ತೊಬ್ಬನ ಮಾತನ್ನು ಕೊನೆಯವರೆಗೆ ಕೇಳುವುದು, ಕೆಟ್ಟ ಸುದ್ದಿಯನ್ನು ಮೊದಲೇ ಹೇಳುವುದು, ಈ ನಾಲ್ಕು ಇದ್ದವನಿಗೆ ಮಿಕ್ಕುದನ್ನು ಮೂರು ತಿಂಗಳಲ್ಲಿ ಯಾರೂ ಕಲಿಸಬಲ್ಲರು. ಇನ್ನೊಂದು ಮಾತನ್ನು ಮಾತ್ರ ಬಿಡಲಾಗದು. ನಿತ್ಯಕರ್ಮಕ್ಕೆ ಕಾಲನಿಯಮವುಂಟು, ಸಂಧ್ಯೆಯನ್ನು ದಿನವಿಡೀ ಮಾಡೆಂದು ಯಾರೂ ವಿಧಿಸಿಲ್ಲ. ರಾತ್ರಿ ಹನ್ನೊಂದು ಗಂಟೆಗೂ ಮೊಬೈಲಿನಲ್ಲಿ ಆಜ್ಞೆ ಕಳುಹಿಸುವ ಯಜಮಾನನು ತನ್ನ ಕೆಲಸಗಾರನ ನಿತ್ಯತೆಯನ್ನು ತಾನೇ ಕೆಡಿಸುತ್ತಾನೆ. ತಿಂಗಳ ಕೊನೆಗೆ ತಪ್ಪದೆ ಸಂಬಳ ಕೊಡುವುದು ಯಜಮಾನನ ನಿತ್ಯಕರ್ಮ. ಅದರಲ್ಲಿ ತಪ್ಪಿದವನಿಗೂ ಪ್ರತ್ಯವಾಯವುಂಟು. ಉಪದೇಶವೆಲ್ಲ ಎಳೆಯರಿಗೇ ಮೀಸಲಾಗಬಾರದು.

ಯಶಸ್ಸೆಂದರೇನೆಂಬ ಪ್ರಶ್ನೆಯೂ ಉಳಿದಿದೆ. ಮಂಗಳೂರಿನ ಬೀದಿಗಳಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರಿ ಬದುಕಿದ ಹರೇಕಳ ಹಾಜಬ್ಬರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ದಿನದಿನದ ಗಳಿಕೆಯಲ್ಲಿ ಉಳಿಸಿ, ಹತ್ತಾರು ಬಾಗಿಲುಗಳಿಗೆ ತಪ್ಪದೆ ನಡೆದು, ತಮ್ಮೂರ ನ್ಯೂಪಡ್ಪುವಿನ ಮಕ್ಕಳಿಗಾಗಿ ಶಾಲೆಯೊಂದನ್ನು ತಂದರು. 2020ನೆಯ ಸಾಲಿನ ಪದ್ಮಶ್ರೀ ಪ್ರಶಸ್ತಿಯು ಅವರಿಗೆ ಸಂದಿತು. ಅಂಥ ಯಶಸ್ಸಿಗೂ ಮೂಲವು ಅದೇ: ನಿನ್ನೆ ಮಾಡಿದುದನ್ನು ಇಂದೂ ಮಾಡುವುದು.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟು. ಮಗುವಿಗೆ ಯಾವ ವಿದ್ಯೆಯನ್ನಾದರೂ ಕಲಿಸಿರಿ. ಅದರ ಜೊತೆಗೆ ಮನೆಯಲ್ಲಿ ಒಂದು ನಿತ್ಯದ ಕೆಲಸವನ್ನು ಅದಕ್ಕೆ ವಹಿಸಿರಿ. ತುಳಸಿಗೆ ನೀರೆರೆಯುವುದಾಗಲಿ, ಅಂದಂದಿನ ಖರ್ಚನ್ನು ಬರೆದಿಡುವುದಾಗಲಿ, ಅಜ್ಜಿಗೆ ಹೊತ್ತಿಗೆ ಸರಿಯಾಗಿ ಔಷಧ ಕೊಡುವುದಾಗಲಿ, ಯಾವುದಾದರೂ ಸರಿಯೇ. ಮಾಡಿದುದಕ್ಕೆ ಮಿಠಾಯಿ ಕೊಡಬೇಡಿರಿ; ಬಿಟ್ಟ ದಿನ ಮಾತ್ರ ಯಾಕೆ ಬಿಟ್ಟೆಯೆಂದು ಶಾಂತವಾಗಿ ಕೇಳಿರಿ. ಹತ್ತು ವರ್ಷ ಹೀಗೆ ನಡೆದ ಮಗುವಿನ ಕೈಗೆ ಮುಂದೆ ಯಾವ ಯಂತ್ರ ಬಂದರೂ, ಯಾವ ಹೆಸರಿನ ಕಛೇರಿ ದೊರೆತರೂ, ಅದು ತಡವರಿಸಲಾರದು.